ಟೈರಿನ ಟ್ರೆಡ್ ಡಿಸೈನ್ ಯಾರ ಸ್ವತ್ತು?

ಅಮೆರಿಕದ ಪೇಟೆಂಟ್ ಕಚೇರಿ ಡಿಸೈನ್ ಪೇಟೆಂಟ್ ಅಂತ ಒಂದನ್ನು ಕೊಡುತ್ತದೆ. ಟೈರ್ ಕಂಪನಿಗಳು ಪಡೆದ ಇಂಥ ಪೇಟೆಂಟ್ ಒಂದನ್ನು ತೆರೆದು ನೋಡಿ. ಹಕ್ಕು ಯಾವುದರ ಮೇಲೆ ಅನ್ನುವುದು ಒಂದೇ ಸಾಲಿನಲ್ಲಿ ಇರುತ್ತದೆ: ಟೈರ್ ಟ್ರೆಡ್‌ನ (ಅಂದರೆ ರಸ್ತೆಗೆ ತಾಗುವ, ಗೆರೆ ಕಾಲುವೆಗಳಿರುವ ಮೇಲ್ಮೈಯ) ಅಲಂಕಾರಿಕ ವಿನ್ಯಾಸ, ಇಲ್ಲಿ ತೋರಿಸಿ ವಿವರಿಸಿದ ಪ್ರಕಾರ. ಅಷ್ಟೇ. ರಬ್ಬರ್ ಎಂಥದ್ದು, ಎಷ್ಟು ಕಿಲೋಮೀಟರ್ ಬಾಳುತ್ತದೆ, ಮಳೆಯಲ್ಲಿ ರಸ್ತೆಯನ್ನು ಹೇಗೆ ಹಿಡಿಯುತ್ತದೆ ಅನ್ನುವ ಬಗ್ಗೆ ಒಂದು ಮಾತೂ ಇಲ್ಲ. ಮಿಕ್ಕಿದ್ದೆಲ್ಲ ಚಿತ್ರಗಳು.

ಟೈರಿಗೆ ಅಲಂಕಾರ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ಗೆರೆಗಳು, ಕಾಲುವೆಗಳು ಇರುವುದೇ ಗಾಡಿ ಜಾರದಿರಲಿ ಅಂತ ಅಲ್ವಾ? ನಿಜ. ಆದರೂ ಅದೇ ಗೆರೆಗಳ ನೋಟಕ್ಕೆ ಬೇರೆಯಾಗಿ ಕಾನೂನಿನ ರಕ್ಷಣೆ ಇದೆ. ಅಮೆರಿಕದಲ್ಲಿ, ಯುರೋಪಿನಲ್ಲಿ, ನಮ್ಮ ದೇಶದಲ್ಲೂ. ಕೆಲಸಕ್ಕೆ ಬೇಕಾಗಿ ಮಾಡಿದ್ದರಲ್ಲಿ ಚಂದಕ್ಕೆ ಮಾಡಿದ್ದು ಯಾವುದು ಅಂತ ಬೇರ್ಪಡಿಸಿ ನೋಡುವುದೇ ಈ ವಿಷಯದ ಕಷ್ಟ. ಸ್ವಾರಸ್ಯವೂ ಅದೇ.

ಮೊದಲು ಟ್ರೆಡ್ ಏನು ಮಾಡುತ್ತದೆ ನೋಡೋಣ. ಟೈರ್ ರಸ್ತೆಯನ್ನು ಮುಟ್ಟುವುದು ಸುಮಾರು ಅಂಗೈ ಅಗಲದ ಜಾಗದಲ್ಲಿ. ಒಣ ರಸ್ತೆಯಲ್ಲಿ ಅಲ್ಲಿ ರಬ್ಬರ್ ಎಷ್ಟು ಜಾಸ್ತಿ ತಾಗುತ್ತದೋ ಅಷ್ಟು ಹಿಡಿತ. ರೇಸ್ ಕಾರುಗಳಿಗೆ ಒಣ ಟ್ರ್ಯಾಕಿನಲ್ಲಿ ಪೂರ್ತಿ ನುಣ್ಣನೆಯ ಟೈರ್ ಹಾಕುವುದು ಇದೇ ಕಾರಣಕ್ಕೆ. ಮಳೆ ಬಂದರೆ ಲೆಕ್ಕ ತಲೆಕೆಳಗು. ಟೈರ್ ಮತ್ತು ರಸ್ತೆಯ ನಡುವೆ ಸಿಕ್ಕ ನೀರು ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಗಾಡಿ ನೀರಿನ ಮೇಲೆ ತೇಲಿಬಿಡುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ, ಬ್ರೇಕ್ ಒತ್ತಿದರೂ ಗಾಡಿ ಕೇಳುವುದಿಲ್ಲ.

ಅದಕ್ಕೇ ಸುತ್ತಲೂ ಓಡುವ ಆಳದ ಕಾಲುವೆಗಳು. ಅವುಗಳಿಂದ ಪಕ್ಕಕ್ಕೆ ನೀರು ಹೊರಹಾಕುವ ಅಡ್ಡ ಕಾಲುವೆಗಳು. ನಡುವೆ ಉಳಿಯುವ ರಬ್ಬರ್ ಉದ್ದಕ್ಕೂ ಸಾಗಿದರೆ ರಿಬ್, ತುಂಡು ತುಂಡಾದರೆ ಬ್ಲಾಕ್. ಬ್ಲಾಕುಗಳ ಮೇಲೆ ಬ್ಲೇಡಿನಿಂದ ಕೊಯ್ದಂತೆ ಸಣ್ಣ ಸಣ್ಣ ಗೀರುಗಳಿರುತ್ತವೆ. ಇವಕ್ಕೆ ಸೈಪ್ ಅನ್ನುತ್ತಾರೆ. 1923ರಲ್ಲಿ ಇಂಥ ಗೀರುಗಳಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್ ಅವರ ಹೆಸರೇ ಅವಕ್ಕೆ ಉಳಿದುಕೊಂಡಿದೆ. ಗೀರಿನ ಅಂಚುಗಳು ಒದ್ದೆ ರಸ್ತೆಯನ್ನು, ಮಂಜನ್ನು ಕಚ್ಚಿ ಹಿಡಿಯುತ್ತವೆ. ಈಗಿನ ಟೈರುಗಳಲ್ಲಿ ಇವನ್ನು ಆಮೇಲೆ ಕೊಯ್ಯುವುದಿಲ್ಲ. ಟೈರ್ ಬೇಯುವ ಅಚ್ಚಿನಲ್ಲೇ ತೆಳು ಉಕ್ಕಿನ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ರಬ್ಬರ್ ಅವುಗಳ ಸುತ್ತ ತುಂಬಿಕೊಂಡು ಗಟ್ಟಿಯಾಗುತ್ತದೆ. ಅಚ್ಚು ಬಿಚ್ಚಿದಾಗ ಆ ಪಟ್ಟಿಗಳಿದ್ದ ಜಾಗ ಗೀರಾಗಿ ಉಳಿಯುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಕಣ್ಣಿಗೆ ಬಿದ್ದಿರುವುದಿಲ್ಲ. ನಿಂತಿರುವ ಕಾರಿನ ಟೈರಿನ ಅಂಚಿನ ಬ್ಲಾಕುಗಳನ್ನು ಬೆರಳಲ್ಲಿ ಅಳೆದು ನೋಡಿ. ಒಂದು ಸ್ವಲ್ಪ ಉದ್ದ, ಪಕ್ಕದ್ದು ಗಿಡ್ಡ, ಮುಂದಿನದು ಮಧ್ಯಮ. ಎಲ್ಲ ಒಂದೇ ಅಳತೆ ಅಂತ ದೂರದಿಂದ ಕಂಡರೂ ಹಾಗಿರುವುದಿಲ್ಲ. ಇದನ್ನು ಬೇಕಂತಲೇ ಮಾಡಿರುತ್ತಾರೆ. ಚಕ್ರ ತಿರುಗುವಾಗ ಪ್ರತಿ ಬ್ಲಾಕೂ ರಸ್ತೆಗೆ ಬಡಿದು ಸದ್ದು ಮಾಡುತ್ತದೆ. ಎಲ್ಲ ಬ್ಲಾಕುಗಳೂ ಒಂದೇ ಉದ್ದ ಇದ್ದರೆ ಆ ಸದ್ದುಗಳು ಒಂದೇ ಅಂತರದಲ್ಲಿ ಬಂದು ಸೇರಿಕೊಂಡು ಒಂದೇ ಸ್ವರದ ಗುಂಯ್ಯೆನ್ನುವ ಶಬ್ದವಾಗುತ್ತದೆ. ಕಾರಿನೊಳಗೆ ಕೂತವರಿಗೆ ತಲೆನೋವು. ಬೇರೆ ಬೇರೆ ಅಳತೆಯ ಬ್ಲಾಕುಗಳನ್ನು ಲೆಕ್ಕ ಹಾಕಿ ಅದಲುಬದಲಾಗಿ ಜೋಡಿಸಿದರೆ ಸದ್ದು ಹಲವು ಸ್ವರಗಳಿಗೆ ಹಂಚಿಹೋಗುತ್ತದೆ. ಕಿವಿಗೆ ಅಷ್ಟು ಕಿರಿಕಿರಿ ಆಗುವುದಿಲ್ಲ. ಈ ಜೋಡಣೆಯ ಕ್ರಮ ಹುಡುಕುವುದಕ್ಕೇ ಎಂಜಿನಿಯರುಗಳು ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂರುತ್ತಾರೆ.

ಇಷ್ಟೆಲ್ಲ ಕೆಲಸ ಇದ್ದ ಮೇಲೆ ಅಲಂಕಾರಕ್ಕೆ ಜಾಗ ಎಲ್ಲಿ?

ಉತ್ತರಕ್ಕೆ ಮನೆಯ ಕಿಟಕಿ ಗ್ರಿಲ್ ನೋಡಿದರೆ ಸಾಕು. ಕಳ್ಳ ಒಳಗೆ ಬರಬಾರದು, ಗಾಳಿ ಬರಬೇಕು. ಗ್ರಿಲ್ಲಿನ ಕೆಲಸ ಇಷ್ಟೇ. ಆದರೆ ಒಂದು ಬೀದಿಯ ಹತ್ತು ಮನೆಗಳಲ್ಲಿ ಹತ್ತು ತರದ ಗ್ರಿಲ್ ಇರುತ್ತವೆ. ಕೆಲಸ ಒಂದೇ, ಅದನ್ನು ಮಾಡಿ ತೋರಿಸುವ ಬಗೆ ಹಲವು. ಟ್ರೆಡ್ ಕೂಡ ಹಾಗೇ. ನೀರು ಹೊರಹಾಕುವ ಕಾಲುವೆ ಬೇಕೇ ಬೇಕು. ಅದು ನೇರವಾಗಿರಬೇಕೋ, ಅಂಕುಡೊಂಕಾಗಿ ಹೋಗಬೇಕೋ, ಬ್ಲಾಕಿನ ಮೂಲೆ ಚೂಪಾಗಿರಬೇಕೋ, ಮೊಂಡಾಗಿರಬೇಕೋ, ಅಂಚಿನ ಗೀರು ಯಾವ ಓರೆಯಲ್ಲಿ ಕೊನೆಯಾಗಬೇಕು ಅನ್ನುವಲ್ಲಿ ವಿನ್ಯಾಸಕರ ಕೈಗೆ ಬೇಕಾದಷ್ಟು ಸ್ವಾತಂತ್ರ್ಯ ಇದೆ. ಆ ಸ್ವಾತಂತ್ರ್ಯ ಬಳಸಿ ಅವರು ಕೊಟ್ಟ ರೂಪವನ್ನೇ ಡಿಸೈನ್ ಕಾನೂನು ಕಾಯುತ್ತದೆ. ಕಾಲುವೆ ನೀರು ಹೊರಹಾಕುತ್ತದೆ ಅನ್ನುವ ಉಪಾಯ ಎಲ್ಲರಿಗೂ ಸೇರಿದ್ದು.

ಟ್ರೆಡ್‌ನ ಚರಿತ್ರೆಯಲ್ಲೇ ಇದಕ್ಕೊಂದು ಸೊಗಸಾದ ಉದಾಹರಣೆ ಇದೆ. ಮೊದಮೊದಲ ಕಾರುಗಳ ಟೈರ್ ನುಣ್ಣಗಿದ್ದವು. 1904ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪನಿ ಮೇಲ್ಮೈಗೆ ನಮೂನೆ ಇರುವ ಕಾರ್ ಟೈರನ್ನು ತಂದಿತು. 1908ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಒಂದು ಹೆಜ್ಜೆ ಮುಂದೆ ಹೋಯಿತು. ಟ್ರೆಡ್ ಮೇಲೆ ಓರೆಯಾಗಿ, ಸಾಲು ಸಾಲಾಗಿ ಅಕ್ಷರಗಳನ್ನೇ ಎತ್ತಿ ಮೂಡಿಸಿತು: ನಾನ್ ಸ್ಕಿಡ್, ನಾನ್ ಸ್ಕಿಡ್. ಜಾರುವುದಿಲ್ಲ ಅನ್ನುವ ಮಾತು ಟೈರಿನ ತುಂಬ. ಆ ಅಕ್ಷರಗಳ ಅಂಚುಗಳೇ ಮಣ್ಣು ರಸ್ತೆಯಲ್ಲಿ ಹಿಡಿತ ಕೊಡುತ್ತಿದ್ದವು. ಗಾಡಿ ಹೋದ ದಾರಿಯ ಕೆಸರಿನಲ್ಲಿ ಜಾಹೀರಾತೂ ಮೂಡುತ್ತಿತ್ತು. ಅದೇ ಕಾಲದಲ್ಲಿ ಗುಡ್‌ಇಯರ್ ವಜ್ರಾಕಾರದ ಬ್ಲಾಕುಗಳ ಟೈರ್ ಮಾರಿತು. ಪೆನ್ಸಿಲ್ವೇನಿಯಾ ರಬ್ಬರ್ ಅನ್ನುವ ಕಂಪನಿ ಟ್ರೆಡ್ ತುಂಬ ಬಟ್ಟಲಿನಂಥ ಉಂಗುರಗಳನ್ನು ಕೂರಿಸಿ ವ್ಯಾಕ್ಯೂಮ್ ಕಪ್ ಅಂತ ಹೆಸರಿಟ್ಟಿತು. ಮೂರೂ ಟೈರುಗಳ ಉದ್ದೇಶ ಜಾರದಿರುವುದೇ. ಆದರೆ ದೂರದಿಂದಲೇ ಯಾವುದು ಯಾರದ್ದು ಅಂತ ಹೇಳಬಹುದಿತ್ತು. ಟ್ರೆಡ್ ಅನ್ನುವುದು ಕಂಪನಿಯ ಮುಖವಾಗಿದ್ದು ಹೀಗೆ.

ಈಗ ಆ ಪೇಟೆಂಟ್ ಚಿತ್ರಗಳನ್ನು ಹೇಗೆ ಓದಬೇಕು ಅನ್ನುವುದನ್ನು ನೋಡೋಣ. ಇಲ್ಲಿ ಮಾತಿಗಿಂತ ಗೆರೆಗೆ ತೂಕ ಜಾಸ್ತಿ. ಸಾಮಾನ್ಯವಾಗಿ ಟೈರನ್ನು ಓರೆಯಿಂದ ನೋಡಿದ ಒಂದು ಚಿತ್ರ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಟ್ರೆಡ್‌ನ ಒಂದು ತುಣುಕನ್ನು ಹಿಗ್ಗಿಸಿ ತೋರಿಸುವ ಚಿತ್ರ ಒಂದು ಇರುತ್ತವೆ. ಕೆಲವು ಗೆರೆ ಪೂರ್ತಿಯಾಗಿರುತ್ತವೆ, ಕೆಲವು ತುಂಡು ತುಂಡಾಗಿರುತ್ತವೆ. ಪೂರ್ತಿ ಗೆರೆಯಲ್ಲಿ ಬರೆದದ್ದಕ್ಕೆ ಹಕ್ಕು. ತುಂಡು ಗೆರೆಯಲ್ಲಿರುವುದು ಸುಮ್ನೆ ಎಲ್ಲಿ ಏನಿದೆ ಅಂತ ಗೊತ್ತಾಗಲಿ ಅಂತ ಬರೆದದ್ದು, ಅದರ ಮೇಲೆ ಹಕ್ಕಿಲ್ಲ. ಟ್ರೆಡ್ ಪೇಟೆಂಟುಗಳಲ್ಲಿ ಪಕ್ಕದ ಗೋಡೆ, ಅಂದರೆ ಹೆಸರು, ಸೈಜು ಬರೆದಿರುವ ಭಾಗ, ಸಾಮಾನ್ಯವಾಗಿ ತುಂಡು ಗೆರೆಯಲ್ಲೇ ಇರುತ್ತದೆ.

ಇದರ ಹಿಂದೆ ಜಾಣತನ ಇದೆ. ಪಕ್ಕದ ಗೋಡೆಯನ್ನೂ ಪೂರ್ತಿ ಗೆರೆಯಲ್ಲಿ ಬರೆದು ಹಕ್ಕು ಕೇಳಿದರೆ, ನಕಲು ಮಾಡುವವನು ಗೋಡೆಯ ರೂಪ ಬದಲಿಸಿ, ನನ್ನದು ಬೇರೆ ಟೈರ್ ಅಂತ ವಾದ ಹೂಡಬಹುದು. ಗೋಡೆಯನ್ನು ಬಿಟ್ಟರೆ ಆ ವಾದಕ್ಕೆ ಜಾಗವಿಲ್ಲ. ಕಡಿಮೆ ಕೇಳಿದಷ್ಟೂ ಹಕ್ಕು ಅಗಲವಾಗುತ್ತದೆ. ಕೇಳಲು ವಿಚಿತ್ರ ಅನ್ನಿಸಿದರೂ ಡಿಸೈನ್ ಹಕ್ಕಿನ ಮುಖ್ಯ ಗುಟ್ಟು ಇದೇ. ಚಿತ್ರದಲ್ಲಿ ಟ್ರೆಡ್‌ನ ಒಂದು ಭಾಗವನ್ನಷ್ಟೇ ವಿವರವಾಗಿ ಬರೆದು, ಇದೇ ನಮೂನೆ ಟೈರಿನ ಸುತ್ತಲೂ ಮುಂದುವರಿಯುತ್ತದೆ ಅಂತ ಒಂದು ಸಾಲು ಸೇರಿಸುವ ರೂಢಿಯೂ ಇದೆ.

ಸರಿ, ಇನ್ನೊಂದು ಕಂಪನಿ ಹೆಚ್ಚುಕಡಿಮೆ ಅದೇ ನಮೂನೆಯ ಟೈರ್ ತಂದಿತು ಅಂದುಕೊಳ್ಳಿ. ನಕಲು ಹೌದೋ ಅಲ್ಲವೋ ಅಂತ ಹೇಳುವವರು ಯಾರು? ಅಮೆರಿಕದಲ್ಲಿ ಇದಕ್ಕೆ ಅಳತೆಗೋಲು ಸಿಕ್ಕಿದ್ದು 1871ರಲ್ಲಿ, ಬೆಳ್ಳಿ ಚಮಚ ಮತ್ತು ಫೋರ್ಕುಗಳ ಹಿಡಿಯ ಮೇಲಿನ ಚಿತ್ತಾರದ ಜಗಳದಲ್ಲಿ. ಗೋರಮ್ ಅನ್ನುವ ಕಂಪನಿ ಹೂಡಿದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಪರಿಣತರ ಕಣ್ಣು ಬೇಡ. ಕೊಳ್ಳುವವರು ಸಾಮಾನ್ಯವಾಗಿ ಎಷ್ಟು ಗಮನ ಕೊಡುತ್ತಾರೋ ಅಷ್ಟು ಗಮನ ಕೊಟ್ಟು ನೋಡಿದ ಸಾಮಾನ್ಯ ಗಿರಾಕಿ ಇದನ್ನು ಅದೇ ಅಂದುಕೊಂಡು ಕೊಳ್ಳುವಷ್ಟು ಹೋಲಿಕೆ ಇದ್ದರೆ ಅದು ನಕಲು.

ಟೈರಿನ ವಿಷಯದಲ್ಲಿ ಆ ಸಾಮಾನ್ಯ ಗಿರಾಕಿ ಯಾರು? 1998ರಲ್ಲಿ ಗುಡ್‌ಇಯರ್ ಮತ್ತು ಹರ್ಕ್ಯುಲಿಸ್ ಕಂಪನಿಗಳ ನಡುವೆ ಲಾರಿ ಟೈರಿನ ಟ್ರೆಡ್ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಈ ಪ್ರಶ್ನೆ ಬಂತು. ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡದ್ದು ಲಾರಿ ಡ್ರೈವರುಗಳ ಮತ್ತು ಲಾರಿಗಳನ್ನು ಇಟ್ಟು ವ್ಯವಹಾರ ನಡೆಸುವವರ ಕಣ್ಣನ್ನು. ನನ್ನ ಪ್ರಕಾರ ಇದು ಬಹಳ ಸರಿಯಾದ ಮಾತು. ಕಾರಿಟ್ಟುಕೊಂಡ ಎಷ್ಟೋ ಜನರಿಗೆ ತಮ್ಮ ಟೈರಿನ ನಮೂನೆ ಹೇಗಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಲಾರಿ ಡ್ರೈವರ್ ಹಾಗಲ್ಲ. ಮುಂದಿನ ಚಕ್ರಕ್ಕೆ ಉದ್ದ ಪಟ್ಟಿಯ ಟೈರ್, ಹಿಂದಿನದಕ್ಕೆ ಲಗ್, ಅಂದರೆ ಅಡ್ಡಕ್ಕೆ ಎದ್ದುನಿಂತ ದಪ್ಪ ರಬ್ಬರ್ ದಿಂಡು, ಇರುವ ಟೈರ್ ಅಂತ ನೋಡಿ ಹಾಕಿಸುತ್ತಾರೆ. ಕೈಯಾಡಿಸಿ ಎಲ್ಲಿ ಸವೆದಿದೆ ಅಂತ ನೋಡುತ್ತಾರೆ. ಟೈರ್ ಅವರಿಗೆ ದೊಡ್ಡ ಖರ್ಚು. ಅಂಥ ಕಣ್ಣಿಗೆ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಆ ಮೊಕದ್ದಮೆಯಲ್ಲಿ ಗುಡ್‌ಇಯರ್ ಗೆಲ್ಲಲಿಲ್ಲ. ಎರಡು ಟ್ರೆಡ್‌ಗಳನ್ನು ಇಡಿಯಾಗಿ ನೋಡಿದಾಗ ಬೇರೆಯೇ ಅಂತ ತೀರ್ಮಾನವಾಯಿತು.

ನಮ್ಮ ದೇಶದಲ್ಲಿ ಇದಕ್ಕೆ 2000ದ ವಿನ್ಯಾಸಗಳ ಕಾಯ್ದೆ ಇದೆ. ಅದು ಜಾರಿಗೆ ಬಂದದ್ದು 2001ರ ಮೇ ತಿಂಗಳಲ್ಲಿ. ಇಲ್ಲಿ ಡಿಸೈನಿಗೆ ಪೇಟೆಂಟ್ ಅನ್ನುವುದಿಲ್ಲ, ನೋಂದಣಿ ಅನ್ನುತ್ತಾರೆ. ಕೆಲಸ ನಡೆಯುವುದು ಕೋಲ್ಕತ್ತದ ಪೇಟೆಂಟ್ ಕಚೇರಿಯ ಡಿಸೈನ್ ವಿಭಾಗದಲ್ಲಿ. ವಸ್ತುಗಳನ್ನು ಲೊಕಾರ್ನೊ ಅನ್ನುವ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ವಿಂಗಡಿಸುತ್ತಾರೆ. ಟೈರುಗಳಿಗೆ ಅದರಲ್ಲಿ 12-15 ಅನ್ನುವ ಖಾನೆ. ನೋಂದಣಿಗೆ ಮೊದಲು 10 ವರ್ಷ ಬೆಲೆ, ಶುಲ್ಕ ಕಟ್ಟಿದರೆ ಇನ್ನು 5 ವರ್ಷ. ಅಮೆರಿಕದಲ್ಲಿ ಈಗ ಡಿಸೈನ್ ಪೇಟೆಂಟಿಗೆ ಕೊಟ್ಟ ದಿನದಿಂದ 15 ವರ್ಷ. ಯುರೋಪಿನಲ್ಲಿ ಐದೈದು ವರ್ಷಕ್ಕೆ ನವೀಕರಿಸುತ್ತ 25 ವರ್ಷದ ತನಕ ಎಳೆಯಬಹುದು.

ನಮ್ಮ ಕಾಯ್ದೆ ಎರಡು ಮಾತು ಸ್ಪಷ್ಟವಾಗಿ ಹೇಳುತ್ತದೆ. ತಯಾರಾದ ವಸ್ತುವಿನಲ್ಲಿ ಕಣ್ಣಿಗೆ ಹಿಡಿಸುವ, ಕಣ್ಣಿನಿಂದ ಮಾತ್ರ ಅಳೆಯಬಹುದಾದ ರೂಪವೇ ಡಿಸೈನ್. ಬರೀ ಯಾಂತ್ರಿಕ ಉಪಾಯವಾಗಿದ್ದರೆ ಅದು ಡಿಸೈನ್ ಅಲ್ಲ. ಟ್ರೆಡ್ ಈ ಎರಡರ ನಡುವಿನ ಗಡಿಯ ಮೇಲೇ ಕೂತಿದೆ. ಹಾಗಾಗಿ ನಕಲಿನ ಆರೋಪ ಬಂದಾಗ ಎದುರಾಳಿ ಮೊದಲು ಎತ್ತುವ ವಾದ ಇದೇ: ಇದು ಕೆಲಸದ ಗೆರೆ ಸ್ವಾಮಿ, ಅಲಂಕಾರ ಅಲ್ಲ.

2017ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಅಪೊಲೊ ಟೈರ್ಸ್ ಮತ್ತು ಪಯೋನಿಯರ್ ಟ್ರೇಡಿಂಗ್ ಕಾರ್ಪೊರೇಷನ್ ನಡುವಿನ ಮೊಕದ್ದಮೆ ಬಂದಾಗ ವಾದ ಇಲ್ಲಿಗೇ ತಿರುಗಿತು. ತನ್ನ ಟೈರಿನ ಟ್ರೆಡ್ ನಮೂನೆಯನ್ನೇ ಇಳಿಸಿಕೊಂಡ ಟೈರ್ ಮಾರಾಟವಾಗುತ್ತಿದೆ ಅನ್ನುವುದು ಅಪೊಲೊ ದೂರು. ಟ್ರೆಡ್ ಕೆಲಸ ಮಾಡುತ್ತದೆ ನಿಜ, ಆದರೆ ಆ ಕೆಲಸಕ್ಕೆ ಇದೊಂದೇ ನಮೂನೆ ಇರುವುದಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು ತರ ಇದೆ, ಹಾಗಾಗಿ ಒಂದು ನಿರ್ದಿಷ್ಟ ನಮೂನೆಗೆ ರಕ್ಷಣೆ ಸಿಗಬಹುದು ಅನ್ನುವ ದಾರಿಯಲ್ಲಿ ನ್ಯಾಯಾಲಯ ಯೋಚಿಸಿತು. ಮಾರುಕಟ್ಟೆಯಲ್ಲಿ ಆ ನಮೂನೆ ಕಂಪನಿಯ ಗುರುತಾಗಿಯೂ ಕೆಲಸ ಮಾಡಬಲ್ಲದು ಅನ್ನುವುದನ್ನೂ ಒಪ್ಪಿತು.

ಹಾಗಂತ ಎಲ್ಲ ಟೈರಿಗೂ ಒಂದೇ ಸಮನೆ ಸ್ವಾತಂತ್ರ್ಯ ಇರುವುದಿಲ್ಲ. ಟ್ರಾಕ್ಟರ್ ಹಿಂದಿನ ಚಕ್ರ ನೋಡಿ. ದಪ್ಪ ದಪ್ಪ ಲಗ್‌ಗಳು ಎರಡೂ ಕಡೆಯಿಂದ ಓರೆಯಾಗಿ ಬಂದು ನಡುವೆ ಬಾಣದ ಮೊನೆಯ ಹಾಗೆ ಸೇರುತ್ತವೆ. ಮುಂದೆ ಹೋಗುವಾಗ ಆ ಮೊನೆ ಮೊದಲು ನೆಲ ಮುಟ್ಟಬೇಕು. ಆಗ ಕೆಸರು ನಡುವಿನಿಂದ ಎರಡೂ ಬದಿಗೆ ತಳ್ಳಿಕೊಂಡು ಹೋಗಿ ಲಗ್‌ಗಳ ನಡುವಿನ ಜಾಗ ತನ್ನಷ್ಟಕ್ಕೆ ಚೊಕ್ಕಟವಾಗುತ್ತದೆ. ಟೈರನ್ನು ತಿರುವು ಮುರುವು ಹಾಕಿದರೆ ಕೆಸರು ಒಳಗೇ ಕಟ್ಟಿಕೊಂಡು ಚಕ್ರ ಗದ್ದೆಯಲ್ಲಿ ಸುತ್ತುತ್ತಲೇ ಇರುತ್ತದೆ. ರೈತರಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆ ಕೆಸರಿಗೆಂದೇ ಇರುವ ಟೈರಿನಲ್ಲಿ ಲಗ್ ಇನ್ನೂ ಎತ್ತರ. ಇಲ್ಲಿ ಬಾಣದ ರೂಪವನ್ನು ಕೆಲಸವೇ ತೀರ್ಮಾನಿಸಿಬಿಟ್ಟಿದೆ. ಯಾವ ಕಂಪನಿಯೂ ಅದು ತನ್ನದು ಅನ್ನಲಾಗದು. ಡಿಸೈನ್ ಅಂತ ಉಳಿಯುವುದು ಲಗ್‌ನ ಬಾಗು, ಮೂಗಿನ ಆಕಾರ, ಬುಡದ ಮೆಟ್ಟಿಲು ಇಷ್ಟೇ. ರಕ್ಷಣೆಯೂ ಅಷ್ಟೇ ಸಣ್ಣದು. ಕಾರಿನ ಟೈರಿನಲ್ಲಿ ಆಟಕ್ಕೆ ಜಾಗ ಜಾಸ್ತಿ, ಹಾಗಾಗಿ ನೋಂದಣಿಯೂ ಜಾಸ್ತಿ ಅರ್ಥಪೂರ್ಣ.

ಟ್ರೆಡ್ಡಿಗೆ ಟ್ರೇಡ್‌ಮಾರ್ಕ್ ಪಡೆದರೆ ಹೇಗೆ? ಅದು ನವೀಕರಿಸುತ್ತ ಹೋದರೆ ಮುಗಿಯುವುದೇ ಇಲ್ಲ. ಕಾನೂನು ಅಲ್ಲಿ ಬಹಳ ಬಿಗಿ. ಒಂದು ಉಪಯುಕ್ತ ರೂಪ ಯಾರೋ ಒಬ್ಬರ ಕೈಯಲ್ಲಿ ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳಬಾರದು ಅನ್ನುವ ಎಚ್ಚರ ಅದು. ಯುರೋಪಿನಲ್ಲಿ ಪಿರೆಲ್ಲಿ ಕಂಪನಿ ಇಂಗ್ಲಿಷಿನ ಎಲ್ ಅಕ್ಷರದಂಥ ಒಂದು ಕಾಲುವೆಯ ಆಕಾರಕ್ಕೆ ಟ್ರೇಡ್‌ಮಾರ್ಕ್ ಪಡೆದಿತ್ತು. ಇದು ಕೆಲಸದ ರೂಪ, ರದ್ದು ಮಾಡಿ ಅಂತ ಜಪಾನಿನ ಯೊಕೊಹಾಮಾ ಹಿಡಿದು ನಿಂತಿತು. 2018ರಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ ಪಿರೆಲ್ಲಿ ಪರ ತೀರ್ಪು ಕೊಟ್ಟಿತು. 2021ರಲ್ಲಿ ಅದಕ್ಕಿಂತ ಮೇಲಿನ ಯುರೋಪಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕಾರಣ ಗಮನಿಸಬೇಕಾದದ್ದು: ನೋಂದಣಿಯಾದದ್ದು ಒಂದೇ ಒಂದು ಕಾಲುವೆಯ ಆಕಾರ, ಅದು ಟೈರೂ ಅಲ್ಲ, ಇಡೀ ಟ್ರೆಡ್ಡೂ ಅಲ್ಲ.

ನಮ್ಮಲ್ಲಿ ಡಿಸೈನ್ ನೋಂದಾಯಿಸುವವರು ಕಾಲ ನೋಡಿ ನಡೆಯಬೇಕು. ಅರ್ಜಿ ಹಾಕುವ ಮೊದಲೇ ಆ ನಮೂನೆ ಎಲ್ಲಾದರೂ, ಯಾವ ದೇಶದಲ್ಲಾದರೂ, ಜನರ ಮುಂದೆ ಬಂದಿದ್ದರೆ ಹೊಸತನ ಹೋಯಿತು, ನೋಂದಣಿ ನಿಲ್ಲುವುದಿಲ್ಲ. ವಾಹನ ಮೇಳದಲ್ಲಿ ಹೊಸ ಟೈರ್ ತೋರಿಸಬೇಕು ಅಂದರೆ ಮೊದಲೇ ಕಚೇರಿಗೆ ತಿಳಿಸಿ, ತೋರಿಸಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ. ಆ ಲೆಕ್ಕ ಇಟ್ಟುಕೊಂಡು ಇಲ್ಲಿಗೆ ಬಂದವರು ಕೈ ಸುಟ್ಟುಕೊಳ್ಳುತ್ತಾರೆ. ನೋಂದಣಿಯೇ ಬೇಡ, ನನ್ನ ಚಿತ್ರಕ್ಕೆ ಕಾಪಿರೈಟ್ ಇದೆಯಲ್ಲ ಅನ್ನುವಂತಿಲ್ಲ. ನೋಂದಾಯಿಸಬಹುದಾದ ಡಿಸೈನನ್ನು ನೋಂದಾಯಿಸದೆ, ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ಕಾಪಿರೈಟ್ ಅಲ್ಲಿಗೆ ಮುಗಿಯುತ್ತದೆ. ಒಂದು ಟೈರ್ ಕಾರ್ಖಾನೆಗೆ 50 ಅನ್ನುವುದು ಯಾವ ಲೆಕ್ಕ?

ನಕಲು ಸಾಬೀತಾದರೆ ಕಾಯ್ದೆಯಲ್ಲಿ ಹೇಳಿರುವ ಮೊತ್ತ ಒಂದೊಂದು ತಪ್ಪಿಗೆ 25,000 ರೂಪಾಯಿ ತನಕ, ಒಂದು ಡಿಸೈನಿಗೆ ಒಟ್ಟು 50,000 ರೂಪಾಯಿಗೆ ಮೀರದಂತೆ. ಟೈರ್ ವ್ಯಾಪಾರದ ಗಾತ್ರಕ್ಕೆ ಇದು ಏನೇನೂ ಸಾಲದು. ಅದರ ಬದಲು ತಡೆಯಾಜ್ಞೆ ಮತ್ತು ನಷ್ಟ ಪರಿಹಾರ ಕೇಳಿ ದಾವೆ ಹೂಡುವ ದಾರಿಯೂ ಇದೆ. ದೊಡ್ಡ ಕಂಪನಿಗಳಿಗೆ ಬೇಕಾದದ್ದು ತಡೆಯಾಜ್ಞೆಯೇ. ಎದುರಾಳಿ ಸುಮ್ಮನಿರುವುದಿಲ್ಲ, ನಿಮ್ಮ ನೋಂದಣಿಯೇ ತಪ್ಪು, ರದ್ದಾಗಬೇಕು ಅನ್ನುತ್ತಾನೆ. ಆಗ ಮೊಕದ್ದಮೆ ಹೈಕೋರ್ಟಿಗೆ ಹೋಗುತ್ತದೆ.

ಇದೆಲ್ಲ ಕಂಪನಿಗಳ ಜಗಳ, ನಮಗೇನು ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಳ್ಳೆಯ ಹೆಸರಿನ ಟೈರಿನ ಮುಖವನ್ನು ಅಚ್ಚಿಳಿಸುವುದು ಸುಲಭ. ಆ ಟೈರ್ ಒಂದನ್ನು ಕೊಂಡು, ಅಳತೆ ತೆಗೆದು, ಅಚ್ಚು ಮಾಡಿಸಿದರಾಯಿತು. ಇಳಿಸಲು ಆಗದಿರುವುದು ಒಳಗಿನದ್ದು. ರಬ್ಬರಿಗೆ ಯಾವ ಯಾವ ವಸ್ತು ಎಷ್ಟೆಷ್ಟು ಬೆರೆಸಿದರು, ಒಳಗೆ ಉಕ್ಕಿನ ತಂತಿಯ ಪದರಗಳನ್ನು ಹೇಗೆ ಹೊದಿಸಿದರು, ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಬೇಯಿಸಿದರು ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಮೈಸೂರಿನಲ್ಲಿ ಜೆಕೆ ಟೈರ್‌ನ ಕಾರ್ಖಾನೆಯ ಜೊತೆಗೆ ಸಂಶೋಧನಾ ಕೇಂದ್ರವೂ ಇದೆ. ಹಳಬರ ಬಾಯಲ್ಲಿ ಆ ಕಾರ್ಖಾನೆ ಇನ್ನೂ ವಿಕ್ರಾಂತ್ ಟೈರ್ಸೇ. ಇಂಥ ಕಡೆ ವರ್ಷಗಟ್ಟಲೆ ನಡೆಯುವ ಕೆಲಸದಲ್ಲಿ ದೊಡ್ಡ ಪಾಲು ಈ ಕಾಣದ ಭಾಗದ್ದು. ಟ್ರೆಡ್ ಅದರ ಕಾಣುವ ತುದಿ. ಮುಖ ನೋಡಿ ನಂಬಿ ಕೊಂಡ ಡ್ರೈವರಿಗೆ ಒಳಗಿನ ಗುಣ ಸಿಗದಿದ್ದರೆ ಅಪಾಯ ಆಗುವುದು ರಸ್ತೆಯಲ್ಲಿ, ಬ್ರೇಕ್ ಒತ್ತಿದ ಗಳಿಗೆಯಲ್ಲಿ. ಅದಕ್ಕೇ ಈ ಹಕ್ಕು ನನಗೆ ಬರೀ ಚಂದದ ವಿಷಯವಾಗಿ ಕಾಣುವುದಿಲ್ಲ.

ಮುಖ ಬೇರೆ, ಒಳಗಿನದ್ದು ಬೇರೆ ಅನ್ನುವುದು ಲಾರಿ, ಬಸ್ಸುಗಳ ಹಳೇ ಟೈರಿಗೆ ರೀಟ್ರೆಡ್ ಮಾಡುವಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಸವೆದ ಟ್ರೆಡ್ಡನ್ನು ಉಜ್ಜಿ ತೆಗೆದು, ಮೊದಲೇ ನಮೂನೆ ಮೂಡಿಸಿ ಬೇಯಿಸಿದ ರಬ್ಬರ್ ಪಟ್ಟಿಯನ್ನು ಸುತ್ತಿ ಅಂಟಿಸುತ್ತಾರೆ. ಟೈರಿನ ಮೈ ಒಂದು ಕಂಪನಿಯದು, ಮೇಲಿನ ಮುಖ ಇನ್ನೊಂದು ಕಂಪನಿಯದು. ಇಲ್ಲಿ ಟ್ರೆಡ್ ಅನ್ನುವುದು ಟೈರಿನಿಂದ ಬೇರೆಯಾಗಿ, ತಾನೇ ಒಂದು ಸರಕಾಗಿ ಸುರುಳಿಯಲ್ಲಿ ಮಾರಾಟವಾಗುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಟೈರ್ ಕೊಳ್ಳುವಾಗ ಟ್ರೆಡ್ ನೋಡಿ, ಆಮೇಲೆ ಪಕ್ಕದ ಗೋಡೆಯನ್ನೂ ಓದಿ. ತಯಾರಕರ ಹೆಸರು ಅಲ್ಲಿರುತ್ತದೆ. ನಮ್ಮ ದೇಶದಲ್ಲಿ ಮಾರುವ ಹೊಸ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ನಾಲ್ಕು ಅಂಕಿಯ ಒಂದು ಸಂಖ್ಯೆ ಹುಡುಕಿ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. 2324 ಅಂತಿದ್ದರೆ 2024ರ 23ನೇ ವಾರ. ಕಾರಿನ ಟೈರಿನ ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಂಡು ಇರುತ್ತದೆ. ಟ್ರೆಡ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಅಂತ ಅರ್ಥ. ಆಗ ಟೈರ್ ಬದಲಿಸಲೇಬೇಕು.